ತುಳಸಿ ಜಾತಿಯ ಗಿಡಗಳ ಸುಗಂಧ ತೈಲ: ಉಪಯೋಗ ಮತ್ತು ಎಚ್ಚರಿಕೆ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ತುಳಸಿ ಗಿಡವಿಲ್ಲದ ಅಂಗಳವಾಗಲಿ, ದೊಡ್ಡಪತ್ರೆ ಇಲ್ಲದ ಹಿತ್ತಲಾಗಲಿ ಅಪರೂಪ. ಮಗುವಿಗೆ ನೆಗಡಿಯಾದಾಗ ದೊಡ್ಡಪತ್ರೆಯನ್ನು ಬಾಡಿಸಿ ರಸ ಹಿಂಡುವುದು, ಕೆಮ್ಮಿಗೆ ತುಳಸಿ ಕಷಾಯ ಕಾಸುವುದು, ಅಜೀರ್ಣಕ್ಕೆ ಪುದೀನ ಚಟ್ನಿ ಅರೆಯುವುದು ಇಲ್ಲಿನ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಆದರೆ ಈಗ ಇದೇ ಗಿಡಗಳ ಎಣ್ಣೆ ಸಣ್ಣ ಸೀಸೆಗಳಲ್ಲಿ ಅಂಗಡಿಗೆ, ಸಂತೆಗೆ, ಅಂಚೆಯ ಮೂಲಕ ಮನೆಬಾಗಿಲಿಗೂ ಬರುತ್ತಿದೆ. ಎಲೆಯಿಂದ ತೊಂದರೆಯಿಲ್ಲವೆಂದ ಮೇಲೆ ಎಲೆಯ ಎಣ್ಣೆಯಿಂದಲೂ ತೊಂದರೆಯಿಲ್ಲ ಎಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಎಲೆ ಬೇರೆ, ಎಣ್ಣೆ ಬೇರೆ. ಎಣ್ಣೆಯ ವಿಷಯದಲ್ಲಿ ಗುಣವೂ ಅಳತೆಯಲ್ಲಿದೆ, ಕೆಡುಕೂ ಅಳತೆಯಲ್ಲಿದೆ. ರೇಷ್ಮೆ ಹುಳು ಸಾಕುವ ಈ ಪ್ರದೇಶದ ರೈತರು ಇದನ್ನು ಮುಖ್ಯವಾಗಿ ತಿಳಿದಿರಬೇಕು.

ಸುಗಂಧ ತೈಲ ಎಂದರೇನು?

ತುಳಸಿ, ರಾಮತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಪುದೀನ, ಮರುಗ, ಪಚೋಲಿ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದ ಗಿಡಗಳು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಲೇಮಿಯೇಸಿ ಎಂದು ಹೆಸರು. ಹಿಂದಿನ ಪುಸ್ತಕಗಳಲ್ಲಿ ಲೇಬಿಯೇಟೆ ಎಂದಿರುತ್ತದೆ. ಈ ಗಿಡಗಳ ಎಲೆ ಮತ್ತು ಹೂಗೊಂಚಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳಿರುತ್ತವೆ. ಎಲೆಯನ್ನು ಹೊಸಕಿದಾಗ ಈ ಗ್ರಂಥಿಗಳು ಒಡೆದು ವಾಸನೆ ಬರುತ್ತದೆ. ಸೊಪ್ಪಿನ ಮೂಲಕ ನೀರಾವಿಯನ್ನು ಹಾಯಿಸಿದರೆ ಗ್ರಂಥಿಗಳಲ್ಲಿರುವ ತೈಲ ಆವಿಯೊಡನೆ ಹೊರಬರುತ್ತದೆ. ಆವಿಯನ್ನು ತಣಿಸಿದಾಗ ನೀರು ಕೆಳಗೆ ನಿಂತು ತೈಲ ಮೇಲೆ ತೇಲುತ್ತದೆ. ಇದೇ ಸುಗಂಧ ತೈಲ. ಕೊಬ್ಬರಿ, ಎಳ್ಳು, ಕಡಲೆಕಾಯಿ ಎಣ್ಣೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಇದು ಗಾಳಿಗೆ ಆವಿಯಾಗಿ ಹೋಗುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಬೆಂಕಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಇದು ಎಷ್ಟು ಗಟ್ಟಿಯಾದ ವಸ್ತು ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೆಂಥಾಲ್ ಪುದೀನದ 100 ಕಿಲೋ ಹಸಿ ಸೊಪ್ಪಿನಿಂದ ದೊರೆಯುವ ತೈಲ ಸುಮಾರು 500 ರಿಂದ 800 ಗ್ರಾಂ ಮಾತ್ರ. ಅಂದರೆ ಒಂದು ಚಹ ಚಮಚ, ಎಂದರೆ 5 ಮಿ.ಲೀ. ತೈಲದಲ್ಲಿ ಅರ್ಧ ಕಿಲೋಗೂ ಮೀರಿದ ಸೊಪ್ಪಿನ ಸತ್ವ ಅಡಗಿರುತ್ತದೆ. ನಾಲ್ಕು ಎಲೆ ಅಗಿಯುವುದಕ್ಕೂ ಒಂದು ಚಮಚ ಎಣ್ಣೆ ಕುಡಿಯುವುದಕ್ಕೂ ಇರುವ ವ್ಯತ್ಯಾಸ ಇದೇ.

ಯಾವ ಗಿಡದಲ್ಲಿ ಯಾವ ಅಂಶ?

ಒಂದೇ ಕುಟುಂಬದ ಗಿಡಗಳಾದರೂ ಅವುಗಳ ತೈಲದ ಗುಣ ಒಂದೇ ಅಲ್ಲ.

ತುಳಸಿ: ಯೂಜೆನಾಲ್ ಮತ್ತು ಮೀಥೈಲ್ ಯೂಜೆನಾಲ್ ಮುಖ್ಯ ಅಂಶಗಳು. ತಳಿಯನ್ನು ಅನುಸರಿಸಿ ಇವುಗಳ ಪ್ರಮಾಣ ಹೆಚ್ಚು ಕಡಿಮೆಯಾಗುತ್ತದೆ.

ರಾಮತುಳಸಿ: ಇದರ ತೈಲದಲ್ಲಿ ಸಾಮಾನ್ಯವಾಗಿ ಯೂಜೆನಾಲ್ ಹೆಚ್ಚು. ಲವಂಗದ ಎಣ್ಣೆಯಲ್ಲಿರುವ ಅಂಶವೂ ಇದೇ ಆದ್ದರಿಂದ ಲವಂಗದ ವಾಸನೆ ಬರುತ್ತದೆ.

ಕಾಮಕಸ್ತೂರಿ: ಲಿನಲೂಲ್ ಮತ್ತು ಮೀಥೈಲ್ ಚಾವಿಕಾಲ್.

ದೊಡ್ಡಪತ್ರೆ: ಕಾರ್ವಕ್ರಾಲ್ ಮತ್ತು ಥೈಮಾಲ್. ಓಮದ ವಾಸನೆ ಬರುವುದು ಥೈಮಾಲ್‌ನಿಂದ.

ಅಡುಗೆಯ ಪುದೀನ: ಕಾರ್ವೋನ್. ಬಾಮು, ಕೆಮ್ಮಿನ ಗುಳಿಗೆ, ಹಲ್ಲುಪುಡಿಗಳಿಗೆ ಹೋಗುವ ಮೆಂಥಾಲ್ ದೊರೆಯುವುದು ಬೇರೆ ಜಾತಿಯ ಪುದೀನದಿಂದ. ಅದನ್ನು ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಾರೆ.

ಪಚೋಲಿ: ಪಚೋಲಾಲ್. ಅತ್ತರು, ಊದುಬತ್ತಿ ಮತ್ತು ಸಾಬೂನು ತಯಾರಿಕೆಗೆ ಬಳಕೆ. ಇದರ ತೈಲವನ್ನು ಒಣಗಿಸಿದ ಎಲೆಯಿಂದ ತೆಗೆಯುತ್ತಾರೆ.

ಸೀಸೆಯ ಮೇಲೆ ಬರಿಯ ‘ಪುದೀನ ಎಣ್ಣೆ’ ಅಥವಾ ‘ತುಳಸಿ ಎಣ್ಣೆ’ ಎಂದಿದ್ದರೆ ಸಾಲದು. ಯಾವ ಜಾತಿಯ ಗಿಡ, ತಯಾರಕರು ಯಾರು, ತಯಾರಾದ ದಿನಾಂಕ ಯಾವುದು ಎಂಬ ವಿವರ ಇಲ್ಲದ ಸೀಸೆಯನ್ನು ಕೊಳ್ಳದಿರುವುದು ಲೇಸು.

ಮನೆಯಲ್ಲಿ ಬಳಕೆ

ಮೈಕೈ ನೋವಿಗೆ ಮತ್ತು ತಲೆನೋವಿಗೆ ಮೆಂಥಾಲ್ ಪುದೀನದ ತೈಲವನ್ನು ಮೇಲೆ ಹಚ್ಚುವುದುಂಟು. ಮೆಂಥಾಲ್ ಚರ್ಮದಲ್ಲಿ ತಂಪನ್ನು ಅರಿಯುವ ನರಗಳನ್ನು ಪ್ರಚೋದಿಸುವುದರಿಂದ ನೋವು ಕಡಿಮೆಯಾದಂತೆ ಅನಿಸುತ್ತದೆ. ತೈಲವನ್ನು ಎಂದಿಗೂ ಹಾಗೆಯೇ ಹಚ್ಚಬಾರದು. 50 ಮಿ.ಲೀ. ಕೊಬ್ಬರಿ ಎಣ್ಣೆಗೆ 1 ಮಿ.ಲೀ., ಎಂದರೆ ಸುಮಾರು 20 ಹನಿ ಸುಗಂಧ ತೈಲ ಬೆರೆಸಿದರೆ ಶೇಕಡ 2ರ ಮಿಶ್ರಣವಾಗುತ್ತದೆ. ದೊಡ್ಡವರಿಗೆ ಇಷ್ಟು ಸಾಕು. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಬೇಕು. ಕೆಂಪಾಗುವುದು, ತುರಿಕೆ ಅಥವಾ ಉರಿ ಕಂಡುಬಂದರೆ ಆ ತೈಲವನ್ನು ಬಿಡಬೇಕು. ದೊಡ್ಡಪತ್ರೆ ತೈಲದಲ್ಲಿರುವ ಕಾರ್ವಕ್ರಾಲ್ ಮತ್ತು ರಾಮತುಳಸಿಯ ಯೂಜೆನಾಲ್ ಚರ್ಮವನ್ನು ಬೇಗ ಸುಡುವ ಅಂಶಗಳು.

ಮೂಗು ಕಟ್ಟಿದಾಗ ಬಿಸಿನೀರಿನ ಹಬೆ ತೆಗೆದುಕೊಳ್ಳುವವರು ಒಂದೆರಡು ಹನಿಗಿಂತ ಹೆಚ್ಚು ಹಾಕಬಾರದು. ಕಣ್ಣು ಮುಚ್ಚಿಕೊಂಡಿರಬೇಕು. ಚಿಕ್ಕ ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಬಳಿ ಕೂರಿಸಬಾರದು. ಉಬ್ಬಸ ಇರುವವರಿಗೆ ಈ ಆವಿಯಿಂದ ಉಸಿರಾಟದ ತೊಂದರೆ ಹೆಚ್ಚಾಗಬಹುದು.

ಸೊಳ್ಳೆ ದೂರವಿಡಲು ತುಳಸಿ ಜಾತಿಯ ತೈಲಗಳು ಸ್ವಲ್ಪ ಹೊತ್ತು ಉಪಯುಕ್ತ. ಆದರೆ ಅವು ಬೇಗ ಆವಿಯಾಗುವುದರಿಂದ ಇಡೀ ರಾತ್ರಿಯ ರಕ್ಷಣೆ ಸಿಗುವುದಿಲ್ಲ. ಸೊಳ್ಳೆಪರದೆಯನ್ನು ಬಿಡುವಂತಿಲ್ಲ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ

ಎರಡು ವರ್ಷದೊಳಗಿನ ಮಗುವಿನ ಮೂಗಿಗೆ, ಮುಖಕ್ಕೆ ಅಥವಾ ಎದೆಗೆ ಮೆಂಥಾಲ್ ಇರುವ ಎಣ್ಣೆಯನ್ನಾಗಲಿ ಬಾಮನ್ನಾಗಲಿ ಹಚ್ಚಬಾರದು. ಹಸುಳೆಯ ಮೂಗಿನ ಬಳಿ ಮೆಂಥಾಲ್ ಹಚ್ಚಿದಾಗ ಗಂಟಲು ಬಿಗಿದು ಕೆಲವು ಕ್ಷಣ ಉಸಿರೇ ನಿಲ್ಲುವ ಅಪಾಯವಿದೆ. ನೆಗಡಿಯಿಂದ ಮೊದಲೇ ಉಸಿರಾಡಲು ಕಷ್ಟಪಡುತ್ತಿರುವ ಮಗುವಿಗೆ ಇದು ಪ್ರಾಣಾಂತಿಕವಾಗಬಹುದು. ದೊಡ್ಡಪತ್ರೆ ರಸಕ್ಕೆ ಜೇನು ಬೆರೆಸಿ ಕೊಡುವ ರೂಢಿ ಇರುವ ಮನೆಗಳಲ್ಲಿ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು ಎಂಬುದನ್ನೂ ನೆನಪಿಡಬೇಕು.

ಸುಗಂಧ ತೈಲವನ್ನು ವೈದ್ಯರ ಸಲಹೆಯಿಲ್ಲದೆ ಯಾರೂ ಕುಡಿಯಬಾರದು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಹಚ್ಚುವ ಮೊದಲೂ ಸಲಹೆ ಪಡೆಯಬೇಕು. ಪುದೀನ ಜಾತಿಯದೇ ಆದ ಪೆನಿರಾಯಲ್ ಎಂಬ ಯೂರೋಪಿನ ಗಿಡದ ತೈಲವನ್ನು 1978ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಒಬ್ಬ ತರುಣಿ ಗರ್ಭ ಇಳಿಸಲೆಂದು ಕುಡಿದಳು. ಕುಡಿದದ್ದು ಸುಮಾರು 30 ಮಿ.ಲೀ. ಆಕೆಯ ಯಕೃತ್ತು ಹಾಳಾಗಿ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಮರಣ ಹೊಂದಿದಳು. ಅದೇ ಗಿಡದ ಎಲೆಯ ಕಷಾಯವನ್ನು ಆ ದೇಶಗಳಲ್ಲಿ ಬಹುಕಾಲದಿಂದ ಬಳಸುತ್ತಿದ್ದರು. ಯೂಜೆನಾಲ್ ಹೆಚ್ಚಿರುವ ತೈಲವೂ ಮಕ್ಕಳ ಯಕೃತ್ತಿಗೆ ಹಾನಿ ಮಾಡಬಲ್ಲದು.

ಆಕಸ್ಮಿಕವಾಗಿ ಕುಡಿದರೆ

ಮಗು ಎಣ್ಣೆ ಕುಡಿದದ್ದು ಕಂಡರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇನ್ನೂ ಹೆಚ್ಚು. ಉಪ್ಪುನೀರು, ಹುಣಿಸೆನೀರು ಕುಡಿಸುವುದೂ ತಪ್ಪು. ತಡಮಾಡದೆ 108ಕ್ಕೆ ಕರೆಮಾಡಿ ಅಥವಾ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಸೀಸೆಯನ್ನೂ ಜೊತೆಗೆ ಕೊಂಡೊಯ್ದರೆ ವೈದ್ಯರಿಗೆ ಅನುಕೂಲ. ಮಹದೇಶ್ವರ ಬೆಟ್ಟದ ಸುತ್ತಲಿನ ಕಾಡಂಚಿನ ಹಳ್ಳಿಗಳಿಂದ ಮತ್ತು ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದ ದೊಡ್ಡ ಆಸ್ಪತ್ರೆ ದೂರ. ಅಲ್ಲಿನ ಮನೆಗಳಲ್ಲಿ ಸೀಸೆಯನ್ನು ಮಕ್ಕಳ ಕೈಗೆ ಎಟುಕದಂತೆ ಬೀಗದಲ್ಲಿಡುವುದೇ ಮುಖ್ಯ ಚಿಕಿತ್ಸೆ.

ಕಣ್ಣಿಗೆ ಬಿದ್ದರೆ ಉಜ್ಜದೆ, ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಬೇಕು. ಚರ್ಮ ಉರಿದರೆ ಮೊದಲು ಅಡುಗೆ ಎಣ್ಣೆ ಸವರಿ ಬಟ್ಟೆಯಿಂದ ಒರೆಸಿ, ನಂತರ ಸೋಪು ಹಚ್ಚಿ ತೊಳೆಯಬೇಕು. ನೀರಿನಲ್ಲಿ ತೈಲ ಕರಗದ ಕಾರಣ ಬರೀ ನೀರಿನಿಂದ ಅದು ಹೋಗುವುದಿಲ್ಲ.

ರೇಷ್ಮೆ ಹುಳು ಮನೆಯಲ್ಲಿ ಬೇಡ

1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ರೇಷ್ಮೆ ಬೇಸಾಯದ ಮುಖ್ಯ ನೆಲೆಯಾಗಿತ್ತು. ಇಂದಿನ ಹನೂರು ತಾಲ್ಲೂಕು ಆಗ ಅದರ ಭಾಗವೇ. ಇಂದಿಗೂ ಈ ಕಡೆ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕುಟುಂಬಗಳಿವೆ. ಇಂಥ ಮನೆಗಳಲ್ಲಿ ಸುಗಂಧ ತೈಲದ ಬಳಕೆಗೆ ಹೆಚ್ಚಿನ ಎಚ್ಚರ ಬೇಕು.

ಯೂಜೆನಾಲ್, ಥೈಮಾಲ್, ಕಾರ್ವಕ್ರಾಲ್ ಮುಂತಾದ ಅಂಶಗಳು ಕೀಟಗಳ ನರಮಂಡಲದ ಮೇಲೆ ಪರಿಣಾಮ ಮಾಡುತ್ತವೆ. ಅದರಿಂದಲೇ ಇವುಗಳಿಗೆ ಕೀಟ ಓಡಿಸುವ ಮತ್ತು ಕೊಲ್ಲುವ ಶಕ್ತಿ. ಆದರೆ ರೇಷ್ಮೆ ಹುಳುವೂ ಒಂದು ಕೀಟವೇ. ಅದು ಮೈಯ ಎರಡೂ ಬದಿಯಲ್ಲಿರುವ ರಂಧ್ರಗಳಿಂದ ಉಸಿರಾಡುತ್ತದೆ. ಮುಚ್ಚಿದ ಕೋಣೆಯಲ್ಲಿ ತೈಲದ ಆವಿ ತುಂಬಿಕೊಂಡರೆ ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯಿಲ್ಲ. ಚಾಕಿ ಹುಳುಗಳು ಮತ್ತು ಜ್ವರದಲ್ಲಿರುವ ಹುಳುಗಳು ಇನ್ನೂ ಸೂಕ್ಷ್ಮ.

ಇಲ್ಲಿ ಒಂದು ಸಂಗತಿ ಗಮನಾರ್ಹ. ಹಿಪ್ಪುನೇರಳೆ ಸೊಪ್ಪಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಲಿನಲೂಲ್, ಸಿಟ್ರಾಲ್‌ನಂಥ ವಾಸನೆಯ ಅಂಶಗಳೇ ಹುಳುವನ್ನು ಸೊಪ್ಪಿನ ಕಡೆಗೆ ಸೆಳೆಯುತ್ತವೆ ಎಂದು ಜಪಾನಿನ ವಿಜ್ಞಾನಿಗಳು ತೋರಿಸಿದ್ದಾರೆ. ಅದೇ ಲಿನಲೂಲ್ ಕಾಮಕಸ್ತೂರಿ ತೈಲದ ಮುಖ್ಯ ಅಂಶ. ಎಲೆಯಲ್ಲಿ ಇರುವಷ್ಟಿದ್ದರೆ ಅದು ಹುಳುವಿಗೆ ಊಟದ ಕರೆ. ಸೀಸೆಯಿಂದ ಸುರಿದರೆ ವಿಷ.

ಊಜಿ ನೊಣ 1980ರಲ್ಲಿ ಕರ್ನಾಟಕಕ್ಕೆ ಬಂದಾಗಿನಿಂದ ಅದನ್ನು ದೂರವಿಡಲು ರೈತರು ನಾನಾ ಉಪಾಯಗಳನ್ನು ಹುಡುಕುತ್ತ ಬಂದಿದ್ದಾರೆ. ಘಾಟು ವಾಸನೆಯ ಎಣ್ಣೆ ಎರಚಿದರೆ ನೊಣ ಬಾರದು ಎಂಬ ಯೋಚನೆ ಬರುವುದು ಸಹಜ. ಆದರೆ ನೊಣಕ್ಕೆ ತಗಲುವ ಆವಿ ಹುಳುವಿಗೂ ತಗಲುತ್ತದೆ. ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಹಾಕುವುದು, ಊಜಿ ಮರಿಗಳನ್ನೂ ಕೋಶಗಳನ್ನೂ ಆರಿಸಿ ನಾಶಮಾಡುವುದು, ಊಜಿ ಕೋಶಗಳ ಮೇಲೆ ಬೆಳೆಯುವ ನೆಸೋಲಿಂಕ್ಸ್ ಥೈಮಸ್ ಎಂಬ ಉಪಕಾರಿ ಕಣಜವನ್ನು ರೇಷ್ಮೆ ಇಲಾಖೆಯ ಸಲಹೆಯಂತೆ ಬಿಡುವುದು, ಇವೇ ಸರಿಯಾದ ಕ್ರಮಗಳು. ಎಣ್ಣೆ ಎರಚಿದರೆ ಈ ಕಣಜಕ್ಕೂ ಹಾನಿಯಾಗಬಹುದು.

ಹುಳು ಮನೆ ಇರುವವರು ಈ ಕೆಳಗಿನವನ್ನು ಪಾಲಿಸಬೇಕು.

1. ಹುಳು ಮನೆಯೊಳಗೆ ಸುಗಂಧ ತೈಲ, ಊದುಬತ್ತಿ, ಸೊಳ್ಳೆಬತ್ತಿಗಳನ್ನು ಬಳಸಬಾರದು.

2. ಬಾಮು ಅಥವಾ ತೈಲ ಹಚ್ಚಿಕೊಂಡವರು ಸೋಪಿನಿಂದ ಕೈ ತೊಳೆಯದೆ ಹುಳು, ಸೊಪ್ಪು, ಚಂದ್ರಿಕೆಗಳನ್ನು ಮುಟ್ಟಬಾರದು.

3. ಸೋಂಕು ನಿವಾರಣೆಗೆ ಶಿಫಾರಸು ಮಾಡಿದ ಔಷಧದ ಬದಲು ತುಳಸಿ ಎಣ್ಣೆ ಬಳಸಬಾರದು.

4. ಹಿಪ್ಪುನೇರಳೆ ತೋಟಕ್ಕೆ, ಅದರ ಪಕ್ಕದ ಬೆಳೆಗೆ ತೈಲದ ಸಿಂಪರಣೆ ಬೇಡ. ಗಾಳಿಯಲ್ಲಿ ತೇಲಿಬಂದ ಹನಿಯೂ ಸೊಪ್ಪಿನ ಮೂಲಕ ಹುಳುವಿನ ಹೊಟ್ಟೆ ಸೇರುತ್ತದೆ.

ಹೊಲ ಮತ್ತು ಕಣಜದಲ್ಲಿ ಉಪಯೋಗ

ಮಾವಿನ ಹಣ್ಣುನೊಣದ ಹತೋಟಿಯಲ್ಲಿ ಬಳಸುವ ಮೀಥೈಲ್ ಯೂಜೆನಾಲ್ ಬಲೆ ಈ ಕುಟುಂಬಕ್ಕೆ ಹತ್ತಿರದ ಉದಾಹರಣೆ. ತುಳಸಿ ಎಲೆಯಲ್ಲಿರುವ ಈ ಅಂಶಕ್ಕೆ ಗಂಡು ನೊಣಗಳು ಮರುಳಾಗಿ ಬಂದು ಬಲೆಯಲ್ಲಿ ಬೀಳುತ್ತವೆ. ಗಂಡು ಕಡಿಮೆಯಾದಂತೆ ಸಂತಾನವೂ ಕಡಿಮೆಯಾಗುತ್ತದೆ. ಹೀಗೆ ಸೆಳೆಯುವ ವಸ್ತುವಾದ್ದರಿಂದ ಇದನ್ನು ಬಲೆಯೊಳಗೆ ಇಡಬೇಕೇ ಹೊರತು ಮರಕ್ಕೆ ಸಿಂಪಡಿಸಬಾರದು. ಸಿಂಪಡಿಸಿದರೆ ನೊಣವನ್ನು ಕರೆದಂತೆ ಆಗುತ್ತದೆ. ಹೀರೆ, ಹಾಗಲ, ಕುಂಬಳದ ಕಾಯಿ ಕೊರೆಯುವ ನೊಣ ಇದಕ್ಕೆ ಬರುವುದಿಲ್ಲ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ವಸ್ತುವಿನ ಬಲೆ ಬೇಕು.

ಅವರೆ, ಅಲಸಂದೆ, ಹುರುಳಿ ಕಾಳುಗಳನ್ನು ತೂತು ಮಾಡುವ ಹುಳುವಿನ ಮೇಲೆ ತುಳಸಿ ಜಾತಿಯ ತೈಲಗಳ ಆವಿ ಕೆಲಸ ಮಾಡುವುದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಹಾಗೆಂದು ಕಾಳಿನ ಮೇಲೆ ತೈಲ ಸುರಿಯಬಾರದು. ತಿನ್ನುವ ಕಾಳಿಗೆ ಘಾಟು ಹಿಡಿಯುತ್ತದೆ. ಬಿತ್ತನೆ ಕಾಳಾದರೆ ಮೊಳಕೆ ಕುಗ್ಗುವ ಸಂಭವವಿದೆ. ಮೊಳಕೆ ತಡೆಯುವ ಈ ಗುಣವನ್ನೇ ಬಳಸಿ ಹೊರದೇಶಗಳಲ್ಲಿ ದಾಸ್ತಾನು ಮಾಡಿದ ಆಲೂಗೆಡ್ಡೆ ಮೊಳೆಯದಂತೆ ಪುದೀನ ತೈಲದ ಆವಿ ಕೊಡುತ್ತಾರೆ. ನಮ್ಮ ರೈತರಿಗೆ ಕಾಳನ್ನು ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿ, ಆರಿಸಿ, ಗಾಳಿಯಾಡದ ಡಬ್ಬಿ ಅಥವಾ ಚೀಲದಲ್ಲಿ ತುಂಬುವುದೇ ಖಚಿತವಾದ ಮಾರ್ಗ.

ಬೆಳೆಯ ಮೇಲೆ ತೈಲ ಸಿಂಪಡಿಸಿದರೆ ಎಲೆ ಸುಡುತ್ತದೆ. ನೀರಿನೊಡನೆ ಬೆರೆಯದ ತೈಲ ಪಂಪಿನಲ್ಲಿ ಮೇಲೆ ತೇಲಿ ಕೊನೆಯ ಸಾಲುಗಳಿಗೆ ಒಟ್ಟಾಗಿ ಬೀಳುವುದೇ ಇದಕ್ಕೆ ಒಂದು ಕಾರಣ. ಬೆಳೆಯ ಹೆಸರು ಮತ್ತು ಪ್ರಮಾಣವನ್ನು ಚೀಟಿಯ ಮೇಲೆ ನಮೂದಿಸಿದ, ನೋಂದಾಯಿತ ಔಷಧಗಳನ್ನು ಮಾತ್ರ ಬಳಸಬೇಕು.

ದನಕರುಗಳಿಗೆ

ಕಾಲುಬಾಯಿ ಜ್ವರದ ಹುಣ್ಣಿಗೆ ಮತ್ತು ಇತರ ಗಾಯಗಳಿಗೆ ತುಳಸಿ, ಬೇವು, ಅರಿಶಿನ, ಬೆಳ್ಳುಳ್ಳಿಗಳನ್ನು ಅರೆದು ಎಣ್ಣೆಯಲ್ಲಿ ಕಾಯಿಸಿ ಹಚ್ಚುವ ನಾಟಿ ಪಶುವೈದ್ಯ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿದೆ. ಗಮನಿಸಬೇಕಾದ ಅಂಶವೆಂದರೆ, ಅಲ್ಲಿ ಬಳಕೆಯಾಗುವುದು ಎಲೆ, ಬಟ್ಟಿ ಇಳಿಸಿದ ತೈಲವಲ್ಲ. ಎಲೆಯ ಬದಲು ತೈಲ ಸುರಿದರೆ ಹುಣ್ಣು ಇನ್ನಷ್ಟು ಕೆರಳುತ್ತದೆ. ಕರೆಯುವ ಹಸುವಿನ ಕೊಟ್ಟಿಗೆಯಲ್ಲಿ ಘಾಟಿನ ತೈಲ ಬಳಸಿದರೆ ಹಾಲಿಗೆ ವಾಸನೆ ಹಿಡಿದು ಡೇರಿಯಲ್ಲಿ ತಿರಸ್ಕಾರವಾಗಬಹುದು. ಮನೆಯ ಬೆಕ್ಕಿಗೆ ಈ ತೈಲಗಳು ವಿಷ. ತುಪ್ಪಳಕ್ಕೆ ತಾಗಿದ ತೈಲವನ್ನು ಅದು ನೆಕ್ಕಿಕೊಳ್ಳುತ್ತದೆ, ಅದನ್ನು ಅರಗಿಸುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ.

ಶುದ್ಧತೆ ಮತ್ತು ಸಂಗ್ರಹಣೆ

ತೈಲಕ್ಕೆ ಅಗ್ಗದ ಎಣ್ಣೆ ಬೆರೆಸಿದ್ದರೆ ತಿಳಿಯಲು ಸುಲಭ ಪರೀಕ್ಷೆಯಿದೆ. ಬಿಳಿ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ದಿನ ಬಿಡಬೇಕು. ಶುದ್ಧ ತೈಲವಾದರೆ ಬಹುಮಟ್ಟಿಗೆ ಆರಿಹೋಗುತ್ತದೆ. ಕೊಬ್ಬರಿ ಎಣ್ಣೆ ಅಥವಾ ಖನಿಜ ಎಣ್ಣೆ ಬೆರೆತಿದ್ದರೆ ಜಿಡ್ಡಿನ ಕಲೆ ಉಳಿಯುತ್ತದೆ. ಪಚೋಲಿ ತೈಲ ಮಂದವಾದುದರಿಂದ ಅದಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ. ಮೆಂಥಾಲ್ ಪುದೀನದ ಒಳ್ಳೆಯ ತೈಲವನ್ನು ಚೆನ್ನಾಗಿ ತಣಿಸಿದರೆ ಸೂಜಿಯಂಥ ಮೆಂಥಾಲ್ ಹರಳುಗಳು ಕಟ್ಟುತ್ತವೆ.

ತೈಲವನ್ನು ಕಂದು ಗಾಜಿನ ಸೀಸೆಯಲ್ಲಿ ಅಥವಾ ಅಲ್ಯೂಮಿನಿಯಂ ಡಬ್ಬಿಯಲ್ಲಿ, ಕತ್ತಿನವರೆಗೆ ತುಂಬಿ, ಬಿರಡೆ ಬಿಗಿದು, ತಂಪಾದ ಕತ್ತಲೆಯ ಜಾಗದಲ್ಲಿಡಬೇಕು. ಸಾಮಾನ್ಯ ಪ್ಲಾಸ್ಟಿಕ್ ಸೀಸೆ ಮೆತ್ತಗಾಗಿ ತೈಲ ಕೆಡುತ್ತದೆ. ಗಾಳಿ ಬೆಳಕಿಗೆ ಹಳತಾದ ತೈಲ ಚರ್ಮಕ್ಕೆ ಹೆಚ್ಚು ತುರಿಕೆ ತರುತ್ತದೆ. ಒಲೆ, ದೀಪಗಳ ಬಳಿ ಇಡಬಾರದು. ಕುಡಿಯುವ ಔಷಧಗಳ ಜೊತೆಗೂ ಬೇಡ.

ಬೆಳೆಯುವ ಮತ್ತು ಬಟ್ಟಿ ಇಳಿಸುವ ಮುನ್ನ

ಕಾಮಕಸ್ತೂರಿ ಮತ್ತು ತುಳಸಿ ಸುಮಾರು ಮೂರು ತಿಂಗಳಲ್ಲಿ ಮೊದಲ ಕೊಯ್ಲಿಗೆ ಬರುವ ಬೆಳೆಗಳು. ಕಾಡುಪ್ರಾಣಿಗಳು ಘಾಟಿನ ಸೊಪ್ಪನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲವಾದ್ದರಿಂದ ಕಾಡಂಚಿನ ರೈತರಿಗೆ ಇವುಗಳ ಮೇಲೆ ಆಸಕ್ತಿ ಮೂಡುವುದು ಸಹಜ. ಆದರೆ ಆನೆಯ ತುಳಿತದಿಂದ ಈ ಬೆಳೆಯೂ ಪಾರಾಗದು. ಪಚೋಲಿಯನ್ನು ನೀರಾವರಿ ತೆಂಗಿನ ತೋಟದ ನೆರಳಿನಲ್ಲಿ ಬೆಳೆಯಬಹುದಾದರೂ ಬೇರುಗಂಟು ಜಂತುಹುಳುವಿನ ಬಾಧೆ ಹೆಚ್ಚು. ಸಸಿ ನೆಡುವ ಮೊದಲೇ ತೈಲ ಕೊಳ್ಳುವವರು ಯಾರು, ಯಾವ ಗುಣಮಟ್ಟ ಕೇಳುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಸುಧಾರಿತ ತಳಿಗಳ ಬಗ್ಗೆ ಲಕ್ನೋದಲ್ಲಿ ಮುಖ್ಯ ಕಚೇರಿ ಇರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಮಾಹಿತಿ ಪಡೆಯಬಹುದು.

ಬಟ್ಟಿ ಇಳಿಸುವ ಘಟಕಕ್ಕೆ ಸೌದೆ ಬಹಳ ಬೇಕು. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ವನ್ಯಧಾಮಗಳಿಂದ ಸೌದೆಯಾಗಲಿ ಗಿಡಮೂಲಿಕೆಯಾಗಲಿ ಅನುಮತಿಯಿಲ್ಲದೆ ತರುವುದು ಅಪರಾಧ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಸಾಮುದಾಯಿಕ ಹಕ್ಕು 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ದೊರೆತಿದೆ. ಅದನ್ನು ಹೊರಗಿನವರು ತಮ್ಮದಾಗಿ ಮಾಡಿಕೊಳ್ಳಬಾರದು. ಬಟ್ಟಿ ಇಳಿಸಿದ ಸೊಪ್ಪನ್ನು ಒಣಗಿಸಿ ಮತ್ತೆ ಉರುವಲಾಗಿ ಬಳಸಿದರೆ ಸೌದೆಯ ಖರ್ಚು ತಗ್ಗುತ್ತದೆ. ಉಳಿದದ್ದು ಗೊಬ್ಬರವಾಗುತ್ತದೆ.

ಮನೆಯಲ್ಲಿ ತಯಾರಿಸಿದ ತೈಲವನ್ನು ನೋವಿನ ಔಷಧವೆಂದು ಮಾರಲು 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಂತೆ ಪರವಾನಗಿ ಬೇಕು. ಕೀಟನಾಶಕವೆಂದು ಮಾರುವುದಾದರೆ ನೋಂದಣಿ ಬೇಕು. ಸ್ತ್ರೀಶಕ್ತಿ ಸಂಘಗಳು ಈ ಕೆಲಸಕ್ಕೆ ಕೈಹಾಕುವ ಮೊದಲು ಇದನ್ನು ವಿಚಾರಿಸಿಕೊಳ್ಳಬೇಕು.

ನೆನಪಿಡಬೇಕಾದ ಮುಖ್ಯ ಅಂಶಗಳು

ಎಲೆಯ ಮನೆಮದ್ದಿನ ಅಳತೆ ಎಣ್ಣೆಗೆ ಅನ್ವಯಿಸುವುದಿಲ್ಲ.

ಹಚ್ಚುವ ಮೊದಲು ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಬೇಕು. ಕುಡಿಯಬಾರದು.

ಎರಡು ವರ್ಷದೊಳಗಿನ ಮಗುವಿಗೆ ಮೆಂಥಾಲ್ ಹಚ್ಚಬಾರದು.

ಮಗು ಕುಡಿದರೆ ವಾಂತಿ ಮಾಡಿಸದೆ, ಸೀಸೆಯೊಡನೆ ಆಸ್ಪತ್ರೆಗೆ ಒಯ್ಯಬೇಕು.

ರೇಷ್ಮೆ ಹುಳು ಮನೆಯಲ್ಲಿ ಯಾವ ಸುಗಂಧ ತೈಲವೂ ಬೇಡ.

ಬಿತ್ತನೆ ಕಾಳು, ಬೆಳೆ, ಹುಣ್ಣುಗಳ ಮೇಲೆ ತೈಲ ಸುರಿಯಬಾರದು.

ಸಂದೇಹ ಬಂದಾಗ ಹತ್ತಿರದ ರೈತ ಸಂಪರ್ಕ ಕೇಂದ್ರ, ರೇಷ್ಮೆ ವಿಸ್ತರಣಾಧಿಕಾರಿ ಅಥವಾ ಚಾಮರಾಜನಗರದ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬೇಕು. ಹಿತ್ತಲಿನ ದೊಡ್ಡಪತ್ರೆ, ಅಂಗಳದ ತುಳಸಿ ಎಂದಿನಂತೆ ಮನೆಗೆ ಉಪಕಾರಿಗಳೇ. ಅವುಗಳ ತೈಲವನ್ನು ಮಾತ್ರ ಔಷಧದಂತೆ ಅಳೆದು, ಕೀಟನಾಶಕದಂತೆ ಕಾಪಾಡಿ ಬಳಸುವುದು ಕ್ಷೇಮ.